ವಕೀಲರನ್ನ ಹಿಡಿದ್ರೆ ತಪ್ಪು ಒಪ್ಪಿಕೊಂಡಂಗಾ?

ಬಹಳ ದಿನ ಆಯ್ತು ಏನೂ ಬರೆದಿರಲಿಲ್ಲ. ಕಳೆದ ಸಲ ಊರಿಗೆ (ಬನಹಟ್ಟಿ) ಹೋದಾಗ ಕೇಳಿದ ಒಂದು ಮಾತು ತಲೆಯಲ್ಲೇ ಕೂತಿದೆ, ಅದನ್ನ ಹೇಳಿಬಿಡ್ತೀನಿ.

ನಮಗೆ ದೂರದ ಸಂಬಂಧಿಯಾಗಬೇಕಾದ ಹಿರಿಯರೊಬ್ಬರು ಮುಧೋಳದ ಕಡೆ ಇದ್ದಾರೆ. ವಯಸ್ಸಾಯ್ತು ಅಂತ ಕಬ್ಬಿನ ಹೊಲ ಲಾವಣಿಗೆ ಕೊಟ್ಟಿದ್ದರು. ಕಬ್ಬು ಆಳೆತ್ತರ ಬೆಳೆದ ಮೇಲೆ ಒಳಗೆ ಏನಿದೆ ಅಂತ ಬದುವಿನ ಮೇಲೆ ನಿಂತವರಿಗೆ ಕಾಣಲ್ಲ. ಒಂದು ದಿನ ಪೊಲೀಸರು ಬಂದು ಸಾಲಿನ ನಡುವಿಂದ ಗಾಂಜಾ ಗಿಡ ಕಿತ್ತು ತಂದರು. ಪಹಣಿಯಲ್ಲಿ ಇವರ ಹೆಸರು, ಲಾವಣಿ ಬರೀ ಬಾಯಿಮಾತಿಂದು. ಇವರನ್ನೇ ಒಯ್ದರು.

ಮನೆಯವರು ಮೊದಲು ಓಡಿದ್ದು ಊರ ಲೀಡರ್ ಹತ್ತಿರ. ಆಮೇಲೆ "ನಾ ಎಲ್ಲಾ ಸೆಟ್ಲ್ ಮಾಡಸ್ತೀನಿ" ಅಂದ ಒಬ್ಬ ಮಧ್ಯವರ್ತಿ ಹತ್ತಿರ. ನಾಲ್ಕು ದಿನ ಹೋಯ್ತು, ಸೊಸೆಯ ಬಂಗಾರವೂ ಹೋಯ್ತು. ವಕೀಲರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳಿದೆ. ಅವರ ಮಗ ಹೇಳಿದ್ದು: "ವಕೀಲರನ್ನ ಹಿಡದ್ರ ನಾವs ತಪ್ಪ ಮಾಡೇವಿ ಅಂತ ಒಪ್ಪಿಕೊಂಡಂಗ ಆಗತದಲ್ಲೋ ತಮ್ಮಾ!"

ಇದು ಅವರೊಬ್ಬರ ಮಾತಲ್ಲ. ಜಮಖಂಡಿ, ಬೀಳಗಿ ಕಡೆ ಕೇಳಿದರೂ ಇದೇ ಬರುತ್ತೆ. ಜಮೀನಿನ ತಂಟೆಗೆ ನಮ್ಮವರು ಮೂರು ತಲೆಮಾರು ವಕೀಲರನ್ನ ಸಾಕ್ತಾರೆ. ಗಾಂಜಾ ಕೇಸ್ ಅಂದ ಕೂಡಲೇ ಮರ್ಯಾದೆ ಹೋಯ್ತು ಅಂತ ಬಾಗಿಲು ಹಾಕ್ಕೊಂಡು ಕೂರ್ತಾರೆ. ನನ್ನ ಪ್ರಕಾರ ಕೇಸು ಹಾಳಾಗೋದೇ ಆ ನಾಲ್ಕು ದಿನದಲ್ಲಿ.

ಯಾಕೆ ಅಂದ್ರೆ, 1985ರ ಎನ್‌ಡಿಪಿಎಸ್ ಕಾಯ್ದೆ ಸಾಮಾನ್ಯ ಕಾನೂನಿನ ಹಾಗಿಲ್ಲ. ಇದರಲ್ಲಿ ತೂಕವೇ ಎಲ್ಲ. ಗಾಂಜಾ 1 ಕೆಜಿ ತನಕ ಸಣ್ಣ ಪ್ರಮಾಣ, ಶಿಕ್ಷೆ ಹೆಚ್ಚೆಂದರೆ 1 ವರ್ಷ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಕಡಿಮೆ ಅಂದ್ರೂ 10 ವರ್ಷ. ಮೇಲಾಗಿ 37ನೇ ಕಲಮಿನ ಬೇಲಿ: ಈತ ತಪ್ಪಿತಸ್ಥ ಅಲ್ಲ ಅಂತ ನಂಬೋಕೆ ಕಾರಣ ಇದೆ, ಹೊರಗೆ ಬಂದು ಮತ್ತೆ ಅಪರಾಧ ಮಾಡಲ್ಲ ಅಂತ ಕೋರ್ಟಿಗೆ ಅನ್ನಿಸಿದರೆ ಮಾತ್ರ ಜಾಮೀನು.

ಈಗ ನೋಡಿ, ಹಸಿ ಗಿಡವನ್ನ ಬೇರು, ಕಾಂಡ, ಮಣ್ಣು ಸಮೇತ ತೂಗಿದರೆ 20 ಕೆಜಿ ಎಷ್ಟು ಹೊತ್ತು? ಆದರೆ ಕಾಯ್ದೆಯ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಇನ್ನು ಗಿಡ ಬೆಳೆದ ಆರೋಪವೇ ಬೇರೆ, ಅದಕ್ಕೆ 10 ವರ್ಷದವರೆಗೆ ಶಿಕ್ಷೆ ಇದ್ರೂ ಅದೊಂದೇ ಆರೋಪ ಇದ್ದರೆ 37ರ ಬೇಲಿ ತಾನಾಗೇ ಬರಲ್ಲ. ಹೊಲದ ಮಾಲೀಕ ಗೊತ್ತಿದ್ದೂ ಬಿಟ್ಟನಾ ಅನ್ನೋದು ಇನ್ನೊಂದು ಪ್ರಶ್ನೆ. ಇದೇ ಕಾಯ್ದೆಯ 35ನೇ ಕಲಮು ಆರೋಪಿಗೆ ಗೊತ್ತಿತ್ತು ಅಂತಲೇ ಊಹಿಸಿಕೊಂಡು ಹೊರಡುತ್ತೆ, ಗೊತ್ತಿರಲಿಲ್ಲ ಅಂತ ತೋರಿಸೋ ಹೊಣೆ ಆರೋಪಿ ಮೇಲೆ. ಲಾವಣಿಯ ಸಾಕ್ಷಿ ಯಾರು, ದುಡ್ಡು ಯಾರ ಕೈಯಿಂದ ಬಂತು, ಪಂಚನಾಮೆಯಲ್ಲಿ ಏನು ಬರೆದಿದ್ದಾರೆ, ಸ್ಯಾಂಪಲ್ ಮ್ಯಾಜಿಸ್ಟ್ರೇಟ್ ಎದುರು ತೆಗೆದರಾ... ಇದನ್ನೆಲ್ಲ ಮೊದಲ ವಾರದಲ್ಲೇ ಕೇಳಬೇಕು. ಲೀಡರ್ ಕೇಳ್ತಾರಾ?

ದುಡ್ಡಿಲ್ಲ ಅಂದ್ರೆ? ಆಗಲೂ ದಾರಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಬಂಧನದಲ್ಲಿ ಇರೋರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗಬೇಕು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಸಾಕು, 15100ಕ್ಕೆ ಫೋನ್ ಮಾಡಿದರೂ ಆಯ್ತು. 2012ರಲ್ಲಿ ಅಜ್ಮಲ್ ಕಸಬ್‌ನ ಗಲ್ಲುಶಿಕ್ಷೆ ಎತ್ತಿಹಿಡಿದ ತೀರ್ಪಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಆರೋಪಿಯನ್ನು ಮೊದಲ ಸಲ ಮುಂದೆ ತಂದಾಗಲೇ ವಕೀಲರ ಹಕ್ಕಿನ ಬಗ್ಗೆ ತಿಳಿಸೋದು ಮ್ಯಾಜಿಸ್ಟ್ರೇಟರ ಕರ್ತವ್ಯ ಅಂತ. ಕಸಬ್‌ಗೇ ವಕೀಲರು ಸಿಕ್ಕ ದೇಶದಲ್ಲಿ ನಮ್ಮ ರೈತ ನಾಚಿಕೊಂಡು ಕೂರಬೇಕಾ?

ದುಡ್ಡು ಕೊಟ್ಟು ಹಿಡಿಯೋದಾದರೆ ನನಗೆ ತಿಳಿದಷ್ಟು ಹೇಳ್ತೀನಿ. ಸಿವಿಲ್ ಕೇಸಿನ ಮನೆ ವಕೀಲರು ಎಷ್ಟೇ ಒಳ್ಳೆಯವರಾದರೂ, ಎನ್‌ಡಿಪಿಎಸ್ ಕೇಸು ಸೆಷನ್ಸ್‌ನಲ್ಲಿ ನಡೆಸಿದ್ದೀರಾ ಅಂತ ಕೇಳಿ. 3 ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರೋ ಕೇಸು ನಡೆಯೋದು ವಿಶೇಷ ನ್ಯಾಯಾಲಯದಲ್ಲಿ, ಅಲ್ಲಿ ಜಾಮೀನು ಆಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠ. ಅಲ್ಲಿಗೆ ಯಾರು ಬರ್ತಾರೆ, ಫೀ ಎಷ್ಟು, ಮೊದಲೇ ಮಾತಾಡಿ, ರಸೀದಿ ತಗೊಳ್ಳಿ. "ಬೇಲ್ ಗ್ಯಾರಂಟಿ, ಆದ ಮೇಲೆ ಇಷ್ಟು ಕೊಡಿ" ಅಂದವರ ಹತ್ತಿರ ಹೋಗಬೇಡಿ. ಕೇಸಿನ ಫಲದ ಮೇಲೆ ಫೀ ಕಟ್ಟೋದು ಬಾರ್ ಕೌನ್ಸಿಲ್ ನಿಯಮದಲ್ಲೇ ತಪ್ಪು.

ಗಾಂಜಾ ಮಾರೋರ ಪರ ಮಾತಾಡ್ತಿದ್ದೀಯಾ ಅಂತ ಕೆಲವರು ಬೈಬಹುದು. ಇಲ್ಲ ಸ್ವಾಮಿ. ಓಣಿಯ ಹುಡುಗರು ಹಾಳಾಗಿದ್ದನ್ನ ನಾನೂ ನೋಡಿದ್ದೀನಿ, ಮಾರಿದವನಿಗೆ ಶಿಕ್ಷೆ ಆಗಲಿ. ಆದರೆ ಅದು ವಾದ ಕೇಳಿದ ಮೇಲೆ ಆಗಲಿ. ಈ ಗೊಂದಲ ಹಳ್ಳಿಯವರಿಗೆ ಮಾತ್ರ ಅಂತಲೂ ಅಲ್ಲ. 2020ರಲ್ಲಿ ಹುಬ್ಬಳ್ಳಿ ವಕೀಲರ ಸಂಘವೇ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ಹಾಕಲ್ಲ ಅಂತ ಠರಾವು ಮಾಡಿ, ಹೈಕೋರ್ಟಿನಿಂದ ಮಾತು ಕೇಳಬೇಕಾಯ್ತು. ಇಂಥ ಠರಾವು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ಕಲಿತವರೇ ಆರೋಪಿ ಅಂದ್ರೆ ಅಪರಾಧಿ ಅಂದುಕೊಂಡರೆ ಆ ಹಿರಿಯರ ಮಗನನ್ನ ಏನಂತ ಬೈಯೋದು?

ಕೊನೆಗೆ ಅವರಿಗೆ ಜಾಮೀನು ಆಯ್ತು, ಮೂರು ತಿಂಗಳ ಮೇಲೆ. ಕೇಸು ಇನ್ನೂ ನಡೀತಿದೆ, ತೀರ್ಪು ಏನಾಗುತ್ತೋ ಗೊತ್ತಿಲ್ಲ. ನಾನು ಹೋದಾಗ ಕಟ್ಟೆ ಮೇಲೆ ಕೂತಿದ್ದರು. "ಮೊದಲs ವಕೀಲರ ಕಡೆ ಹೋಗಬೇಕಿತ್ತು ನೋಡಪಾ" ಅಂದವರು, ಆಮೇಲೆ ಕಬ್ಬಿನ ರೇಟಿನ ಮಾತು ತೆಗೆದರು.

ನಿಮ್ಮ ಊರ ಕಡೆ ಹೇಗೆ? ಇಂಥದ್ದು ಬಂದಾಗ ಜನ ಮೊದಲು ಯಾರ ಹತ್ತಿರ ಓಡ್ತಾರೆ? ತಿಳಿಸಿ.