ಹೊರಡದ್ದ ಕಾರುದೆ ಹಾಲಿನ ಕ್ಯಾಲೆಂಡರುದೆ

ಕಾರು ಬಿಡ್ಲೆ ಎನಗೆ ಅರಡಿಯ. ಆದರೆ 13 ವರ್ಷಂದ ಎಡದ ಹೊಡೆಲಿ ಕೂದು ಕೂದು ಅದರ ಶಬ್ದ ಮಾಂತ್ರ ಅಡಿಗೆಕೋಣೆಯ ಕುಕ್ಕರಿನಷ್ಟೇ ಗುರ್ತ ಇದ್ದು. ಹಾಂಗಾಗಿ ಈ ಶುದ್ದಿ ಬರವಲೆ ಎನಗೂ ರಜ್ಜ ಅಧಿಕಾರ ಇದ್ದು ಹೇಳಿ ಗ್ರೇಶುತ್ತೆ.

ಎಂಗಳದ್ದು ಸಣ್ಣ ಪೆಟ್ರೋಲು ಕಾರು. ಕಳುದ ಮಳೆಗಾಲ ಮುಗುದ ಮತ್ತೆ ಅದಕ್ಕೊಂದು ಚಾಳಿ ಸುರು ಆತು. ಒಂದೊಂದರಿ ಕೀಲಿಕೈ ತಿರುಗಿಸಿರೆ "ಟಕ್" ಹೇಳಿ ಒಂದೇ ಶಬ್ದ, ಮತ್ತೆ ತಳಿಯದ್ದೆ ಕೂರ್ತು. ಅರ್ಧ ಗಂಟೆ ಕಳುದು ತಿರುಗಿಸಿರೆ ಎಂತದೂ ಆಗದ್ದ ಹಾಂಗೆ ಹೊರಡ್ತು. ಪೂರ ಹಾಳಾದ ಕಾರಿನ ರಿಪೇರಿ ಸುಲಭ. ಹೀಂಗೆ ಒಂದರಿ ಸರಿ, ಒಂದರಿ ಹಾಳು ಹೇಳಿ ಆಟ ಆಡುವ ಕಾರಿಂದೇ ಕಷ್ಟ. ಗರಾಜಿಂಗೆ ತೆಕ್ಕೊಂಡು ಹೋದರೆ ಅಲ್ಲಿ ಹತ್ತು ಸರ್ತಿ ತಿರುಗಿಸಿರೂ ಹತ್ತು ಸರ್ತಿಯೂ ಹೊರಡ್ತು. ಡಾಕ್ಟ್ರ ಎದುರು ಕೂದಪ್ಪಗ ಸೆಮ್ಮ ನಿಂಬ ಹಾಂಗೆ!

ಸುರುವಿಂಗೆ ಬ್ಯಾಟರಿ ಹೋಯಿದು ಹೇಳಿದವು. ಐದು ಸಾವಿರದ ಹತ್ತರೆ ಕೊಟ್ಟು ಇವು ಹೊಸತ್ತು ಹಾಕ್ಸಿದವು. ಎರಡು ವಾರ ಸುಖ, ಮತ್ತೆ ಅದೇ "ಟಕ್". ಎರಡ್ನೇ ಸರ್ತಿ ಸೆಲ್ಫು ಬಿಚ್ಚಿ ಬ್ರಶ್ಶು, ಬುಶ್ಶು ಎಲ್ಲ ಬದಲ್ಸಿದವು. ಅದಕ್ಕೆ ಎರಡೂವರೆ ಸಾವಿರ. ಮೂರ್ನೇ ಸರ್ತಿ ಹೋದಪ್ಪಗ "ಗಾಡಿಗೆ ವರ್ಷ ಆಯ್ತು ಅಕ್ಕ, ಇನ್ನು ಕೊಡುದೇ ಒಳ್ಳೆದು" ಹೇಳಿದವು. ಈ ಮೂರು ಸರ್ತಿಲಿ ಒಂದರಿಯೂ "ಯಾವಗ ಹೊರಡ್ತಿಲ್ಲೆ? ಎಂತ ಶಬ್ದ ಬತ್ತು?" ಹೇಳಿ ಕೇಳಿದ್ದವಿಲ್ಲೆ. ಎನ್ನ ಸಂಕಟ ಅದುವೇ.

ದೀಪಾವಳಿ ಕಳುದು ಒಂದು ಇರುಳು. ನೆಂಟ್ರ ಮನೆಂದ ಒಂಬತ್ತು ಗಂಟೆಗೆ ಬಂದು ಜಾಲಿಲ್ಲಿ ಕಾರು ನಿಲ್ಸಿದ್ದಷ್ಟೆ. ಕಾಲು ಗಂಟೆಲಿ ಅತ್ತೆಗೆ ದಮ್ಮು ಜೋರಾತು. ಅತ್ತೆಗೆ 82 ವರ್ಷ. ಪಂಪು ಎಳದರೂ ಕಮ್ಮಿ ಆತಿಲ್ಲೆ. ಹಿಂದಾಣ ಸೀಟಿಲ್ಲಿ ಅವರ ಕೂರ್ಸಿ ತಲೆ ಎನ್ನ ಹೆಗಲಿಂಗೆ ಒರಗಿಸಿಗೊಂಡೆ. ಇವು ಕೀಲಿಕೈ ತಿರುಗಿಸಿದವು. ಟಕ್. ಪುನಃ ತಿರುಗಿಸಿದವು. ಟಕ್. ಎಂಗಳ ಜಾಲು ಮಾರ್ಗಂದ ತುಂಬ ಕೆಳ, ನೂಕಿ ಹೊರಡ್ಸಲೂ ಎಡಿಯ. ಅಕೇರಿಗೆ ಆಚಮನೆಯ ಜೀಪಿಲ್ಲಿ ಪುತ್ತೂರಿಂಗೆ ಎತ್ತಿಸಿದ್ದು. ಅತ್ತೆ ಬಚಾವಾದವು. ಆದರೆ ಆ ಇಪ್ಪತ್ತು ನಿಮಿಷ, ಅವರ ಉಸುಲಿನ ಶಬ್ದ, ಎದುರಂದ ಆ "ಟಕ್"... ಎನಗೆ ಈಗಳೂ ಇರುಳು ಎಚ್ಚರ ಆವ್ತು.

ಮರದಿನಂದಲೇ ಎನ್ನ ಲೆಕ್ಕ ಸುರು ಆತು. ಹಾಲಿನ ಲೆಕ್ಕ ಬರವ ಕ್ಯಾಲೆಂಡರು ಇದ್ದನ್ನೆ, ಅದರಲ್ಲೇ ಬರದೆ. ಕಾರು ಹೊರಡದ್ದ ದಿನ, ಗಂಟೆ, ಮಳೆಯೋ ಬೆಶಿಲೋ, ಇಂಜಿನು ಬೆಶಿ ಇತ್ತೋ ತಣುದಿತ್ತೋ, ಶಬ್ದ ಎಂತದು. ಇವು ಸುರುವಿಂಗೆ ನೆಗೆ ಮಾಡಿದವು. ಒಂದು ತಿಂಗಳಿಲ್ಲಿ ಏಳು ಸರ್ತಿ ಬರದಪ್ಪಗ ಎನಗೇ ಆಶ್ಚರ್ಯ ಆತು. ಉದಿಯಪ್ಪಗ ತಣುದ ಕಾರು ಒಂದೇ ಒಂದು ದಿನವೂ ಕೈ ಕೊಟ್ಟಿದಿಲ್ಲೆ. ಏಳೂ ಸರ್ತಿಯೂ ಓಡಿ ಬಂದು, ಅಂಗಡಿಗೋ ಸೊಸೈಟಿಗೋ ಹೇಳಿ ಹತ್ತು-ಹದಿನೈದು ನಿಮಿಷ ನಿಲ್ಸಿದ ಮತ್ತೆಯೇ. ಬ್ಯಾಟರಿಯೇ ಬಿದ್ದದಾದರೆ ಇರುಳಿಡೀ ನಿಂದ ಕಾರು ಉದಿಯಪ್ಪಗ ಅಲ್ಲದೋ ಹಠ ಮಾಡೆಕ್ಕಾದ್ದು?

ಶಬ್ದಕ್ಕೂ ಅರ್ಥ ಇದ್ದಡ. "ಟಕಟಕಟಕ" ಹೇಳಿ ಬೇಗ ಬೇಗ ಬಡುದರೆ ಹೆಚ್ಚಾಗಿ ಬ್ಯಾಟರಿಲಿ ಕರೆಂಟಿಲ್ಲೆ, ಅಲ್ಲದ್ದರೆ ಟರ್ಮಿನಲು ಸಡಿಲ. ಒಂದೇ "ಟಕ್" ಬಂದರೆ ಸೆಲ್ಫೋ, ಅದಕ್ಕೆ ಹೋಪ ದಪ್ಪ ವಯರೋ ನೋಡೆಕ್ಕು. ಇಂಜಿನು "ಗುರ್ ಗುರ್" ಹೇಳಿ ತಿರುಗಿಯೂ ಹಿಡಿಯದ್ದರೆ ಅದರ ದಾರಿಯೇ ಬೇರೆ, ಪೆಟ್ರೋಲು ಪಂಪು, ಸೆನ್ಸಾರು, ಕೀಲಿಕೈಯ ಚಿಪ್ಪು ಹೀಂಗಿಪ್ಪದು. ಎಂಗಳ ಊರಿಲ್ಲಿ ಎಲಿ ಬೋನೆಟ್ಟಿನ ಒಳ ವಯರು ತಿಂಬದನ್ನೂ ಮರವಲಾಗ. ಇನ್ನೊಂದು ಪರೀಕ್ಷೆ ಎನಗೂ ಎಡಿಗಾತು. ಹೆಡ್‌ಲೈಟು ಹಾಕಿ ಇವು ಕೀಲಿಕೈ ತಿರುಗಿಸುವಗ ಆನು ಬದಿಲಿ ನಿಂದು ನೋಡಿದ್ದು. ಬೆಣಚ್ಚು ನಂದಿದ ಹಾಂಗೆ ಆದರೆ ಬ್ಯಾಟರಿಯ ಸಂಶಯ. ಎಂಗಳದ್ದು ರಜ್ಜವೂ ಮಂದ ಆತಿಲ್ಲೆ. (ಇದರ ಮಾಡುವಗ ಗೇರು ನ್ಯೂಟ್ರಲಿಲ್ಲಿ, ಹ್ಯಾಂಡ್‌ಬ್ರೇಕು ಎಳದು ಇರೆಕ್ಕು. ಬ್ಯಾಟರಿಯ ಹತ್ತರೆ ಕೈ ಹಾಕುತ್ತರೆ ಚಿನ್ನದ ಬಳೆ ತೆಗದು ಮಡುಗಿ. ಎರಡು ತಲೆಗೆ ಒಟ್ಟಿಂಗೆ ತಾಗಿರೆ ಕೈ ಹೊತ್ತುಗು.)

ಆ ಕ್ಯಾಲೆಂಡರಿನ ಹಾಳೆ ಹರುದು ತೆಕ್ಕೊಂಡು ಪುತ್ತೂರಿಲ್ಲಿ ಬೇರೆ ಒಬ್ಬ ಆಟೋ ಇಲೆಕ್ಟ್ರಿಶನಿನ ಹತ್ತರೆ ಹೋದೆಯೊ. ಅವು ನೆಗೆ ಮಾಡಿದವಿಲ್ಲೆ. ಹಾಳೆಯ ಎರಡು ಸರ್ತಿ ಓದಿ, "ಅರ್ಧ ಗಂಟೆ ಓಡಿಸಿ ತನ್ನಿ, ಬಿಸಿ ಇರ್ಬೇಕು" ಹೇಳಿದವು. ತಂದು ಹತ್ತು ನಿಮಿಷ ನಿಲ್ಸಿಯಪ್ಪಗ ಟಕ್! ಕಾರು ಹೊರಡದ್ದಕ್ಕೆ ಎನಗೆ ಕೊಶಿ ಆದ್ದು ಅದೊಂದೇ ದಿನ. ಬ್ಯಾಟರಿ 12.6 ವೋಲ್ಟು ತೋರ್ಸಿತ್ತು, ಸರಿ ಇದ್ದು. ಮತ್ತೆ ಮೀಟರಿನ ಒಂದು ಕಡ್ಡಿಯ ಬ್ಯಾಟರಿಯ ಮೈನಸ್ಸಿಂಗೆ, ಇನ್ನೊಂದರ ಇಂಜಿನಿನ ಮೈಗೆ ಮಡುಗಿ ಕೀಲಿಕೈ ತಿರುಗಿಸುಲೆ ಹೇಳಿದವು. ಅರ್ಧ ವೋಲ್ಟಿಂದ ಕಮ್ಮಿ ಇರೆಕ್ಕಾದಲ್ಲಿ ಮೂರು ವೋಲ್ಟಿನ ಹತ್ತರೆ ತೋರ್ಸಿತ್ತು. ಒಂದು ದಪ್ಪ ಜಂಪರು ಕೇಬುಲು ತಂದು ಅದೇ ಎರಡು ಜಾಗೆಗೆ ಸಿಕ್ಕಿಸಿದವು. ಕಾರು ಒಂದೇ ತಿರುಗಿಗೆ ಹೊರಟತ್ತು.

ಇಂಜಿನಿಂಗೂ ಕಾರಿನ ಬಾಡಿಗೂ ನೆಡುಕೆ ಜಡೆ ಹೆಣದ ಹಾಂಗಿಪ್ಪ ಅರ್ತಿನ ವಯರೊಂದು ಇದ್ದು. ಅದರ ಬೋಲ್ಟಿನ ಅಡಿಲಿ ತುಕ್ಕು. ಹೆರಂದ ನೋಡಿರೆ ಚೆಂದಕೆ ಬಿಗುದೇ ಇತ್ತು. ಬೆಶಿ ಆದಪ್ಪಗ ತಾಮ್ರದ ತಡೆ ಹೆಚ್ಚುತ್ತು, ಸೆಲ್ಫಿನ ಒಳಾಣ ಸುರುಳಿಗೆ ಬಲ ಸಾಲ್ತಿಲ್ಲೆ. ಅದರೊಟ್ಟಿಂಗೆ ಈ ತುಕ್ಕುದೆ ಸೇರಿರೆ ಕತೆ ಮುಗುತ್ತು. ತಣುದಪ್ಪಗ ಹೇಂಗೋ ಸುಧಾರ್ಸುತ್ತು. ಹೊಸ ವಯರು ಹಾಕಿ, ಜಾಗೆ ಹೊಳವಲ್ಲಿವರೆಗೆ ಕೆರಸಿ, ಗ್ರೀಸು ಹಚ್ಚಿದ್ದಕ್ಕೆ ಆದ ಖರ್ಚು 350 ರೂಪಾಯಿ.

ಮದಲಾಣ ಗರಾಜಿನೋರ ಆನು ಪೂರ ಬೈತ್ತಿಲ್ಲೆ. ಅವರ ಎದುರು ಕಾರು ಹಠ ಮಾಡಿದ್ದೇ ಇಲ್ಲೆ, ಕಾಣದ್ದ ರೋಗಕ್ಕೆ ಅವಾದರೂ ಎಂತ ಮಾಡುಗು? ಬ್ಯಾಟರಿಯ ಸಂಶಯ ಮಾಡಿದ್ದೂ ತಪ್ಪಲ್ಲ, ಹೆಚ್ಚಿನ ಕಾರುಗಳಲ್ಲಿ ಅದುವೇ ಹೋಪದು. ಆದರೆ ಸಂಶಯ ಬಂದರೆ ಮೀಟರು ಮಡುಗಿ ನೋಡೆಕ್ಕು, ಸಾಮಾನು ಬದಲ್ಸಿ ನೋಡುದಲ್ಲ. ಗ್ಯಾಸಿನ ಒಲೆ ಸರಿ ಹೊತ್ತದ್ದರೆ ಆನು ಮದಾಲು ಬರ್ನರಿನ ಒಟ್ಟೆ ನೋಡ್ತೆ. ಸಿಲಿಂಡರು ಬದಲ್ಸಿ, ಮತ್ತೆ ರೆಗ್ಯುಲೇಟರು ಬದಲ್ಸಿ, ಅಕೇರಿಗೆ "ಒಲೆಗೆ ವರ್ಷ ಆತು" ಹೇಳಿರೆ ಮನೆಲಿ ಆರಾದರೂ ಒಪ್ಪುಗೋ? ಎಂಗಳ ತಪ್ಪುದೆ ಇದ್ದು. "ಒಂದೊಂದರಿ ಹೊರಡ್ತಿಲ್ಲೆ" ಹೇಳಿ ಕೀಲಿಕೈ ಕೊಟ್ಟಿಕ್ಕಿ ಬಂದದು ಎಂಗಳೇ ಅಲ್ಲದಾ. ಆ "ಒಂದೊಂದರಿ" ಹೇಳಿರೆ ಯಾವಗ ಹೇಳ್ತ ಲೆಕ್ಕ ಮನೆಯೋರಿಂಗೆ ಮಾಂತ್ರ ಸಿಕ್ಕುಗಷ್ಟೆ. ಬರವಲೆ ಪುರುಸೊತ್ತಿಲ್ಲದ್ದರೆ ಮೊಬೈಲಿಲ್ಲಿ ಶಬ್ದ ಆದರೂ ಹಿಡುದು ಮಡುಗಿ.

ಕಾರು ಈಗ ನಾಕು ತಿಂಗಳಿಂದ ಒಂದರಿಯೂ ಹಠ ಮಾಡಿದ್ದಿಲ್ಲೆ. ಕ್ಯಾಲೆಂಡರಿನ ಆ ಹಾಳೆಯ ಇವುದೇ ಮಡುಸಿ ಆರ್‌ಸಿಯೊಟ್ಟಿಂಗೆ ಮಡುಗಿದ್ದವು. ಅತ್ತೆಗೆ ಮಾಂತ್ರ ಪೂರ್ತಿ ನಂಬಿಕೆ ಬಯಿಂದಿಲ್ಲೆ. ಕಾರು ಹತ್ತುವ ಮದಲು ಬೋನೆಟ್ಟಿನ ಮೇಲೆ ಅಂಗೈ ಮಡುಗಿ ನೋಡ್ತವು, "ಇದು ಈಗ ಬೆಶಿ ಇದ್ದೋ, ತಣುದ್ದೋ?" ಹೇಳಿ ಕೇಳಿಕ್ಕಿಯೇ ಒಳ ಕೂಪದು.