ಪಾತ್ರಧಾರಿಯ ನಾಲಗೆಗೆ ಬಿಡುವು ಕೊಡಿ

ಪರದೇಶಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳು ಕಂಪ್ಯೂಟರಿನಲ್ಲಿ ಒಂದು ಬಗೆಯ ಆಟ ಆಡುತ್ತಾರೆ. ಪ್ರತಿಯೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಎಲ್ಲರೂ ಕೂಡಿ ಕಥೆಯನ್ನು ಬೆಳೆಸಬೇಕು. 1974ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಈ ಬಗೆಗೆ ದಾರಿ ಹಾಕಿಕೊಟ್ಟಿತು. ಅದರಲ್ಲಿ ಸೂತ್ರಧಾರನೊಬ್ಬನು ಸನ್ನಿವೇಶವನ್ನು ಹೇಳುತ್ತಾನೆ. ಮುಂದೇನು ಮಾಡಬೇಕೆಂಬುದನ್ನು ಆಟಗಾರನೇ ನಿರ್ಧರಿಸುತ್ತಾನೆ. ಆಟಗಾರನಿಗೆ ಎಷ್ಟು ಸ್ವಾತಂತ್ರ್ಯ ಕೊಡಬೇಕೆಂಬುದು ಅಲ್ಲಿ ಇಂದಿಗೂ ಮುಗಿಯದ ವಾದ.

ಈ ಪ್ರಶ್ನೆಗೆ ನಮ್ಮ ಸೀಮೆಯು ಎಂದೋ ಉತ್ತರ ಕಂಡುಕೊಂಡಿದೆ. ಆ ಉತ್ತರವೇ ಶ್ರೀಕೃಷ್ಣ ಪಾರಿಜಾತ. ಅದನ್ನು ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿನಲ್ಲಿದೆ. ಈ ಆಟದಿಂದ ಹೆಸರಾದ ಕೌಜಲಗಿ ನಿಂಗಮ್ಮನೂ ಇದೇ ನೆಲದ ಕಲಾವಿದೆ.

ಪಾರಿಜಾತದ ಕಟ್ಟಡವನ್ನು ಗಮನಿಸಿರಿ. ಹಾಡುಗಳು ಗೊತ್ತಾದವು; ಕಥೆಯೂ ಗೊತ್ತಾದದ್ದು. ನಾರದನು ತಂದ ಹೂವು ರುಕ್ಮಿಣಿಗೆ ಸಲ್ಲುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಅದನ್ನು ಯಾರೂ ಬದಲಿಸುವಂತಿಲ್ಲ. ಆದರೆ ಹಾಡು ಮುಗಿದು ಮಾತು ಶುರುವಾದರೆ ಪಾತ್ರಧಾರಿ ಸ್ವತಂತ್ರ. ಭಾಗವತನು ಕೆಣಕಿ ಕೇಳುತ್ತಾನೆ, ಪಾತ್ರಧಾರಿ ಆ ಕ್ಷಣಕ್ಕೆ ಹೊಳೆದ ಉತ್ತರವನ್ನು ಕೊಡಬೇಕು. ದಾರಿಗೆ ಅಡ್ಡ ನಿಂತು ಸುಂಕ ಕೇಳುವ ಕೃಷ್ಣನಿಗೆ ಗೊಲ್ಲತಿಯು ಬರಗಾಲದ ವರ್ಷದಲ್ಲಿ, “ಹಿಂಡಿ ದರ ಕೇಳೀಯೇನೋ ಕೃಷ್ಣಾ? ಎಮ್ಮಿಗೆ ಹಾಕೂದೋ, ನಿನಗ ಸುಂಕ ಕೊಡೂದೋ?” ಎಂದು ತಿರುಗಿ ಕೇಳಿದರೆ, ಪುರಾಣದ ಗೊಲ್ಲತಿ ಆ ರಾತ್ರಿ ನಮ್ಮೂರಿನವಳೇ ಆಗುತ್ತಾಳೆ. ಇಂಥ ಮಾತನ್ನು ಯಾವ ಪ್ರತಿಯಲ್ಲಿಯೂ ಮೊದಲೇ ಬರೆದಿಡಲಾಗದು.

ಈಗೀಗ ವೇದಿಕೆಯ ಕಾರ್ಯಕ್ರಮಗಳಲ್ಲಿ ಬೆಳಗಿನವರೆಗಿನ ಆಟವನ್ನು ಗಂಟೆ, ಅರ್ಧ ಗಂಟೆಗೆ ಇಳಿಸುತ್ತಾರೆ. ಹಾಡು ಬಿಡಲಾಗದು, ವೇಷ ಬಿಡಲಾಗದು; ಆದ್ದರಿಂದ ಕತ್ತರಿ ಮಾತಿಗೆ ಬೀಳುತ್ತದೆ. ಉಳಿದ ನಾಲ್ಕು ಮಾತುಗಳನ್ನೂ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಹೀಗೆ ಉಳಿಯುವುದು ಪಾರಿಜಾತದ ಹೆಸರು ಮಾತ್ರ.

ಸ್ವಾತಂತ್ರ್ಯ ಕೊಟ್ಟರೆ ದ್ವಂದ್ವಾರ್ಥದ ಕೀಳು ಮಾತು ನುಗ್ಗುತ್ತದೆ ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಆದರೆ ಅದಕ್ಕೆ ಮದ್ದೂ ಆಟದೊಳಗೇ ಇದೆ. ಮಾತು ಹದ ತಪ್ಪಿದಾಗ ಬೇರೊಂದು ಪ್ರಶ್ನೆ ಹಾಕಿ ತಿರುಗಿಸುವುದು, ಲಂಬಿಸಿದಾಗ ಹಾಡು ಎತ್ತಿ ಕಥೆಯನ್ನು ಮುಂದೂಡುವುದು ಬಲ್ಲ ಭಾಗವತನ ಕೆಲಸ. ಒಬ್ಬನು ಒರಟಾಗಿ ಮಾತಾಡಿದನೆಂದು ಎಲ್ಲರ ನಾಲಗೆಯನ್ನೂ ಕಟ್ಟುವುದು ನ್ಯಾಯವಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ಪದ್ಯ ಸಿದ್ಧವಾದದ್ದು, ಅರ್ಥ ಮಾತ್ರ ಆಶುವಾದದ್ದು. ಆ ಆಶುಮಾತಿನಿಂದಲೇ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಿದ್ವಾಂಸರೆಂದು ಮನ್ನಣೆ ಪಡೆದರು. ಅಲ್ಲಿ ಪಾಂಡಿತ್ಯವೆನಿಸಿದ ಗುಣ ನಮ್ಮ ಬಯಲಿನ ಗೊಲ್ಲತಿಯಲ್ಲಿ ಕಂಡರೆ ಅಶಿಸ್ತು ಹೇಗಾದೀತು?

ಆಶುಮಾತಿಗೆ ಕಠಿಣವಾದ ಶಿಸ್ತೇ ಬೇಕು. ಕಥೆ ಪೂರ್ತಿ ಗೊತ್ತಿರಬೇಕು, ಪಾತ್ರದ ಸ್ವಭಾವ ಬಿಡಬಾರದು, ಎಲ್ಲಕ್ಕಿಂತ ಮಿಗಿಲಾಗಿ ಎದುರಿನವರು ಆಡಿದ್ದನ್ನು ಕಿವಿಗೊಟ್ಟು ಕೇಳಬೇಕು. ಬಾಯಿಪಾಠ ಒಪ್ಪಿಸುವವನಿಗೆ ಈ ಕೊನೆಯದರ ಅಗತ್ಯವೇ ಬೀಳುವುದಿಲ್ಲ. ತನ್ನ ಸರದಿ ಬಂದರೆ ಸಾಕು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಊರುಗಳಲ್ಲಿ ಜಾತ್ರೆ ನಡೆಸುವ ಪಂಚರಲ್ಲಿ, ಶಾಲೆಯ ಗ್ಯಾದರಿಂಗಿನ ಹೊಣೆ ಹೊತ್ತ ಶಿಕ್ಷಕರಲ್ಲಿ ನಮ್ಮ ವಿದ್ಯಾರ್ಥಿಗಳೂ ಬಂಧುಗಳೂ ಇದ್ದೀರಿ. ವೇಳೆ ಇರದಿದ್ದರೆ ಪ್ರಸಂಗಗಳನ್ನು ಕಡಿಮೆ ಮಾಡಿರಿ. ಗೊಲ್ಲತಿಯ ಪ್ರಸಂಗವೊಂದನ್ನೇ ಆಡಿಸಿರಿ, ಆದರೆ ಅದನ್ನು ಪೂರ್ತಿಯಾಗಿ ಆಡಿಸಿರಿ. ಮಕ್ಕಳಿಗೆ ಹಾಡು ಕಲಿಸಿರಿ, ಕಥೆಯ ಕ್ರಮ ತಿಳಿಸಿರಿ. ಮಾತನ್ನು ಅವರಿಗೇ ಬಿಡಿರಿ. ಮೊದಲೆರಡು ಸಲ ತಡವರಿಸಿಯಾರು. ಮೂರನೆಯ ಸಲಕ್ಕೆ ಕೃಷ್ಣನಿಗೆ ಎಂಥ ಉತ್ತರ ಕೊಡುತ್ತಾರೋ ಕೇಳಿ ನೋಡಿರಿ.