ಸ್ಕ್ಯಾನಿಂಗ್ ನೋಡಿದವರಿಗೆ ರಿಸಲ್ಟ್ ಹೇಳೋರ್ಯಾರು?

ಆಪರೇಷನ್ ಮಾಡಿದ ಡಾಕ್ಟರ ಹೆಸರನ್ನು ನಮ್ಮ ಜನ ಮೊಮ್ಮಕ್ಕಳ ಕಾಲದವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಕೈಗುಣ ಚೆನ್ನಾಗಿದೆ ಅಂತ ಮಾತ್ರೆ ಬರೆದುಕೊಟ್ಟವರಿಗೂ ದೀಪಾವಳಿಗೆ ಸಿಹಿ ಡಬ್ಬಿ ಹೋಗುತ್ತದೆ. ಅದೇ ಹೊಟ್ಟೆಯೊಳಗೆ ಗಂಟು ಎಲ್ಲಿದೆ, ಎಷ್ಟು ಸೆಂಟಿಮೀಟರ್ ಇದೆ, ಪಕ್ಕದ ರಕ್ತನಾಳಕ್ಕೆ ಅಂಟಿದೆಯೋ ಇಲ್ಲವೋ ಅಂತ ಕತ್ತಲೆ ಕೋಣೆಯಲ್ಲಿ ಕೂತು ನೋಡಿ ಬರೆದ ರೇಡಿಯಾಲಜಿಸ್ಟ್ ಹೆಸರೇನು ಕೇಳಿ. ತಲೆ ಕೆರೆದುಕೊಳ್ಳುತ್ತಾರೆ. ರಿಪೋರ್ಟಿನ ಕೆಳಗೆ ಒಂದು ಸಹಿ, ಸಹಿಯ ಕೆಳಗೆ ಡಿಗ್ರಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಕೋರ್ಟು ಕಚೇರಿ ವ್ಯವಹಾರಕ್ಕಲ್ಲ’ ಎಂಬರ್ಥದ ಒಂದು ಸಾಲು. ಅಷ್ಟೇ ಪರಿಚಯ.

ನವೆಂಬರ್ 8 ಇವರ ದಿನ. 1895ರಲ್ಲಿ ಅದೇ ತಾರೀಖು ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದರ ನೆನಪಿಗೆ 2012ರಿಂದ ಅಂತಾರಾಷ್ಟ್ರೀಯ ರೇಡಿಯಾಲಜಿ ದಿನ ನಡೆಯುತ್ತಿದೆ. ಅಲ್ಲಿಂದ ಶುರುವಾಗುತ್ತದೆ ಸಮ್ಮೇಳನಗಳ ಸುಗ್ಗಿ. ನವೆಂಬರ್ ಕೊನೆಗೆ ಷಿಕಾಗೋದಲ್ಲಿ ಉತ್ತರ ಅಮೆರಿಕದವರ ಮಹಾಮೇಳ. ಜನವರಿಯಲ್ಲಿ ನಮ್ಮ ಭಾರತೀಯ ರೇಡಿಯಾಲಜಿ ಸಂಘದ ವಾರ್ಷಿಕ ಸಮ್ಮೇಳನ. ಚಳಿ ಬಿಡುವ ಹೊತ್ತಿಗೆ ವಿಯೆನ್ನಾದಲ್ಲಿ ಯುರೋಪಿನವರದ್ದು. ಕೊರಳಿಗೆ ಬ್ಯಾಡ್ಜು, ಕೈಗೆ ಬ್ಯಾಗು, ಹಾಲ್ ತುಂಬ ಯಂತ್ರದ ಕಂಪನಿಗಳ ಸ್ಟಾಲು. ಕೊನೆಗೊಂದು ಸರ್ಟಿಫಿಕೇಟು, ಅದರಲ್ಲಿ ಇಷ್ಟು ಕ್ರೆಡಿಟ್ ಅಂತ ನಮೂದು. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾದರೆ 30 ಕ್ರೆಡಿಟ್ ಗಂಟೆ ತೋರಿಸಬೇಕು.

ಇದನ್ನೆಲ್ಲ ಬರೀ ಊಟ-ತಿಂಡಿಯ ಜಾತ್ರೆ ಎಂದು ಆಡಿಕೊಳ್ಳುವವರಿದ್ದಾರೆ. ನಾನು ಆ ಗುಂಪಲ್ಲ. ಊರೂರಿಗೆ ಒಂದೊಂದು ಥರ ಬರೆಯುತ್ತಿದ್ದ ರಿಪೋರ್ಟುಗಳು ಒಂದು ಹದಕ್ಕೆ ಬಂದದ್ದು ಇಂಥ ಕಡೆ ಕೂತು ಮಾತಾಡಿದ್ದರಿಂದಲೇ. ಮ್ಯಾಮೊಗ್ರಾಂ ರಿಪೋರ್ಟಿನ ಕೊನೆಯಲ್ಲಿ ‘ಬೈರಾಡ್ಸ್ 3’ ಅಂತ ಇದ್ದರೆ ಎಷ್ಟೋ ಹೆಣ್ಣುಮಕ್ಕಳು ಅದನ್ನು ಕ್ಯಾನ್ಸರಿನ ಮೂರನೇ ಹಂತ ಅಂದುಕೊಂಡು ಅಲ್ಲೇ ಕುಸಿಯುತ್ತಾರೆ. ಅದು ಹಂತವಲ್ಲ. ಬಹುತೇಕ ನಿರುಪದ್ರವಿ, ಕ್ಯಾನ್ಸರ್ ಇರುವ ಸಾಧ್ಯತೆ ಶೇ 2ಕ್ಕಿಂತ ಕಡಿಮೆ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ ಅರ್ಥ. 4 ಅಂತಿದ್ದರೆ ಬಯಾಪ್ಸಿ ಮಾಡಿಸಿ ಅಂತ. ಬೆಳಗಾವಿಯಲ್ಲಿ ಬರೆದ 3 ಬೋಸ್ಟನ್ನಿನಲ್ಲೂ 3 ಆಗಿರುವುದು ಸಣ್ಣ ಸಾಧನೆಯಲ್ಲ. ಇದನ್ನು ರೋಗಿಗೆ ಎರಡು ಮಾತಿನಲ್ಲಿ ಹೇಳುವ ಪುರುಸೊತ್ತು ಯಾರಿಗೂ ಇಲ್ಲ ಅನ್ನುವುದು ಬೇರೆ ಗೋಳು.

ನನ್ನ ತಕರಾರು ಇನ್ನೊಂದು. ಡಾಕ್ಟರು ಬರೆದ ಮಾತ್ರೆ ನಾಟಿತೋ ಇಲ್ಲವೋ ಅಂತ ಹೇಳಲು ರೋಗಿ ವಾರ ಬಿಟ್ಟು ವಾಪಸ್ ಬರುತ್ತಾನೆ. ಸರ್ಜನ್ ಹೊಟ್ಟೆ ತೆರೆದ ಕೂಡಲೇ ಕಣ್ಣಾರೆ ನೋಡುತ್ತಾರೆ. ರೇಡಿಯಾಲಜಿಸ್ಟ್ ಕಥೆ ಏನು? ‘ಅಪೆಂಡಿಕ್ಸ್ ಊದಿದಂತಿದೆ’ ಅಂತ ಬರೆದು ಸಹಿ ಹಾಕುತ್ತಾರೆ, ರೋಗಿ ಫಿಲ್ಮಿನ ಕವರ್ ಹಿಡಿದು ಹೊರಟುಹೋಗುತ್ತಾನೆ. ನಿಜಕ್ಕೂ ಊದಿತ್ತೋ ಇಲ್ಲವೋ ಯಾರೂ ಬಂದು ಹೇಳುವುದಿಲ್ಲ. ದಿನಾ ಪರೀಕ್ಷೆ ಬರೆದು ಒಂದು ದಿನವೂ ರಿಸಲ್ಟ್ ಕಾಣದ ವಿದ್ಯಾರ್ಥಿಯ ಪಾಡು. ಇಂಥವರಿಗೆ ಐದು ವರ್ಷಕ್ಕೆ ಮೂವತ್ತು ಗಂಟೆ ಪಾಠ ಕೇಳಿಸಿ, ಕಲಿತರು ಅಂತ ಠಸ್ಸೆ ಒತ್ತುತ್ತೇವೆ.

ದಾವಣಗೆರೆ ಕಡೆಯ ಪರಿಚಯದ ರೇಡಿಯಾಲಜಿಸ್ಟ್ ಒಬ್ಬರು ಒಂದು ಲಾಂಗ್ ನೋಟ್‌ಬುಕ್ ಇಟ್ಟಿದ್ದಾರೆ. ಎಡಕ್ಕೆ ರೋಗಿಯ ನಂಬರು, ಮಧ್ಯದಲ್ಲಿ ತಾವು ಬರೆದದ್ದರ ಸಾರಾಂಶ, ಬಲಕ್ಕೆ ‘ಕೊನೆಗೆ ಏನಾಯ್ತು’ ಅಂತ ಒಂದು ಕಾಲಂ. ಬಲಗಡೆಯ ಕಾಲಂ ಬಹುಪಾಲು ಖಾಲಿ. ‘ಸರ್ಜನ್‌ಗೆ ಫೋನ್ ಮಾಡಿ, ಸರ್, ಆ ಪಿತ್ತಕೋಶದ ಕೇಸ್ ಏನಾಯ್ತು ಅಂತ ಕೇಳ್ತೀನಿ. ಯಾಕಮ್ಮ, ಏನಾದ್ರೂ ಕಂಪ್ಲೇಂಟ್ ಬಂತಾ ಅಂತ ಗಾಬರಿ ಆಗ್ತಾರೆ’ ಎಂದು ನಕ್ಕರು. ಕಲಿಯಲು ಕೇಳಿದ ಪ್ರಶ್ನೆ ಕೂಡ ನಮ್ಮಲ್ಲಿ ಕೇಸು ಜಡಿಯುವ ಮುನ್ಸೂಚನೆಯಾಗಿ ಕೇಳಿಸುತ್ತದೆ.

ಇವರು ಅಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಸ್ಯಾನ್‌ ಫ್ರಾನ್ಸಿಸ್ಕೋದ ಹೆನ್ರಿ ಗಾರ್ಲೆಂಡ್ ಎಂಬ ರೇಡಿಯಾಲಜಿಸ್ಟ್ 1949ರಲ್ಲೇ ಒಂದು ಲೆಕ್ಕ ಮುಂದಿಟ್ಟರು. ರೋಗವಿರುವ ಎದೆಯ ಎಕ್ಸ್‌ರೇಗಳನ್ನು ಅನುಭವಿಗಳ ಮುಂದಿಟ್ಟರೂ ಶೇ 30ರ ಆಸುಪಾಸು ಕಣ್ತಪ್ಪಿ ಹೋಗುತ್ತಿದ್ದವು. ಅದು ಮಸುಕು ಫಿಲ್ಮಿನ ಕಾಲ ಬಿಡಿ ಅನ್ನಬಹುದು. 2013ರಲ್ಲಿ ಅಮೆರಿಕದ ಸಂಶೋಧಕರು ಒಂದು ಕಿತಾಪತಿ ಮಾಡಿದರು. ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಸಣ್ಣ ಗಂಟು ಹುಡುಕಿ ಅಂತ 24 ರೇಡಿಯಾಲಜಿಸ್ಟರಿಗೆ ಕೊಟ್ಟರು. ಒಂದು ಕೇಸಿನಲ್ಲಿ, ಮಾಮೂಲಿ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ತೂರಿಸಿಟ್ಟಿದ್ದರು. ಕೈ ಮುಷ್ಟಿ ಬಿಗಿದು ನಿಂತ ಗೊರಿಲ್ಲಾ! 24ರಲ್ಲಿ 20 ಜನಕ್ಕೆ ಅದು ಕಾಣಲೇ ಇಲ್ಲ. ಕಣ್ಣಿನ ಚಲನೆ ಅಳೆಯುವ ಯಂತ್ರ ಹೇಳಿದ ಪ್ರಕಾರ ಆ ಇಪ್ಪತ್ತರಲ್ಲಿ ಅರ್ಧಕ್ಕೂ ಹೆಚ್ಚು ಜನ ನೇರ ಗೊರಿಲ್ಲಾವನ್ನೇ ನೋಡಿದ್ದರು. ಇವರು ದಡ್ಡರಲ್ಲ. ಗಂಟು ಹುಡುಕುವ ಕಣ್ಣಿಗೆ ಗಂಟು ಮಾತ್ರ ಕಾಣುತ್ತದೆ. ಹೀಗೂ ತಪ್ಪಬಹುದು ಎಂದು ತೋರಿಸುವವರಿದ್ದರೆ ಮುಂದಿನ ಸಲ ಕಣ್ಣು ಇನ್ನೊಂದು ಸುತ್ತು ಹಾಕೀತು.

ಹೊರಗಿನವರು ಇದಕ್ಕೆ ದಾರಿ ಹುಡುಕಿಕೊಂಡಿದ್ದಾರೆ. ಅಮೆರಿಕದ ರೇಡಿಯಾಲಜಿ ಕಾಲೇಜು 2002ರ ಸುಮಾರಿಗೆ ಹೊಸ ಪದ್ಧತಿ ತಂದಿತು. ಹೊಸ ಸ್ಕ್ಯಾನ್ ನೋಡುವವರು ಹಳೆಯದನ್ನೂ ತೆಗೆದು, ಹಿಂದೆ ನೋಡಿದವರ ರಿಪೋರ್ಟಿಗೆ ಅಂಕ ಕೊಡಬೇಕು. ಒಪ್ಪಿದರೆ ಒಂದು, ಕಣ್ತಪ್ಪುವುದು ಸಹಜ ಎನ್ನುವಂಥದ್ದಾದರೆ ಎರಡು, ತಪ್ಪಲೇಬಾರದಿತ್ತು ಅಂತಿದ್ದರೆ ಮೂರು. ಆದದ್ದೇನು? ಒಂದೇ ಕಡೆ ಕೆಲಸ ಮಾಡುವವರು ಒಬ್ಬರಿಗೊಬ್ಬರು ‘ಒಂದು’ ಹಾಕಿಕೊಂಡು ಚಹಾ ಕುಡಿಯಲು ಹೋದರು ಎಂಬ ದೂರು ಅಲ್ಲಿಂದಲೇ ಬಂತು. ಈಗ ಅಲ್ಲೂ ಅನೇಕರು ಅಂಕ ಬಿಟ್ಟು ಪಾಠದ ಕಡೆ ವಾಲಿದ್ದಾರೆ. ಬ್ರಿಟನ್ನಿನ ಇಲಾಖೆಗಳಲ್ಲಿ ಹೆಸರು ಮುಚ್ಚಿಟ್ಟು ಕೇಸುಗಳನ್ನು ತೆರೆಯ ಮೇಲೆ ಹಾಕಿ ಎಲ್ಲರೂ ಕೂತು ಚರ್ಚಿಸುವ ಪದ್ಧತಿ ಇದೆ. ತಪ್ಪಿದ್ದಷ್ಟೇ ಅಲ್ಲ, ಯಾರೋ ಭಲೇ ಎನ್ನುವಂತೆ ಹಿಡಿದದ್ದನ್ನೂ ತೋರಿಸುತ್ತಾರೆ. ಇದಕ್ಕೆ ಸ್ಟಾಲು ಬೇಡ, ಪ್ರಾಯೋಜಕರು ಬೇಡ. ಮಧ್ಯಾಹ್ನ ಒಂದು ಗಂಟೆ, ಒಂದು ಪ್ರೊಜೆಕ್ಟರ್ ಇದ್ದರೆ ಆಯಿತು.

ಇನ್ನು ಎ.ಐ. ಈ ವಲಯದ ಅತಿ ದೊಡ್ಡ ಸುದ್ದಿ ಅದೇ. 2016ರಲ್ಲಿ ಎ.ಐ. ವಿಜ್ಞಾನಿ ಜೆಫ್ರಿ ಹಿಂಟನ್, ಇನ್ನು ರೇಡಿಯಾಲಜಿಸ್ಟರನ್ನು ತಯಾರು ಮಾಡುವುದು ನಿಲ್ಲಿಸಿ, ಐದು ವರ್ಷದಲ್ಲಿ ಯಂತ್ರ ಇವರನ್ನು ಮೀರಿಸುತ್ತದೆ ಎಂದಿದ್ದರು. 2024ರಲ್ಲಿ ಅವರಿಗೆ ನೊಬೆಲ್ ಬಂತು, ರೇಡಿಯಾಲಜಿಸ್ಟರ ಅಭಾವ ಮಾತ್ರ ತೀರಲಿಲ್ಲ. ಬ್ರಿಟನ್ನಿನಲ್ಲೇ ಬೇಕಾದವರಿಗಿಂತ ಶೇ 30ರಷ್ಟು ಕಡಿಮೆ ಎಂದು ಅಲ್ಲಿನ ರಾಯಲ್ ಕಾಲೇಜು ಅಲವತ್ತುಕೊಳ್ಳುತ್ತಿದೆ. ನಮ್ಮಲ್ಲಿ ಲಕ್ಷ ಜನಕ್ಕೆ ಒಬ್ಬರು ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಯಂತ್ರ ಕೆಲಸಕ್ಕೆ ಬರುವುದಿಲ್ಲ ಅಂತಲ್ಲ. ಕ್ಷಯ ಪತ್ತೆಗೆ ಎದೆಯ ಎಕ್ಸ್‌ರೇಯನ್ನು ಕಂಪ್ಯೂಟರ್ ನೋಡಿದರೂ ನಡೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಒಪ್ಪಿದೆ. ಸ್ವೀಡನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮ್ಯಾಮೊಗ್ರಾಂ ಇಟ್ಟುಕೊಂಡು ನಡೆದ ಪರೀಕ್ಷೆಯಲ್ಲಿ ಎ.ಐ. ಜೊತೆಗಿದ್ದಾಗ ಶೇ 29ರಷ್ಟು ಹೆಚ್ಚು ಕ್ಯಾನ್ಸರ್ ಸಿಕ್ಕಿತು, ಡಾಕ್ಟರುಗಳು ನೋಡಬೇಕಾದ ಹೊರೆ ಶೇ 44ರಷ್ಟು ಇಳಿಯಿತು.

ಆ ಯಂತ್ರಕ್ಕೆ ಅಷ್ಟು ಬುದ್ಧಿ ಹೇಗೆ ಬಂತು ಗೊತ್ತೇ? ಸಾವಿರಾರು ಚಿತ್ರ ಕೊಟ್ಟು, ಇದು ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು, ಇದು ಬರಲಿಲ್ಲ ಅಂತ ಒಂದೊಂದಕ್ಕೂ ಉತ್ತರ ಹೇಳಿಕೊಟ್ಟು ಬೆಳೆಸಿದ್ದರಿಂದ. ಕಂಪನಿಗಳು ದುಡ್ಡು ಸುರಿದು ಆ ಉತ್ತರಗಳನ್ನು ಕಲೆಹಾಕುತ್ತವೆ. ಅದೇ ಉತ್ತರವನ್ನು ಅದೇ ಆಸ್ಪತ್ರೆಯ ಕೆಳಮಹಡಿಯಲ್ಲಿ ಕೂತ ಡಾಕ್ಟರಮ್ಮನಿಗೆ ಹೇಳಲು ನಮ್ಮಲ್ಲಿ ವ್ಯವಸ್ಥೆ ಇಲ್ಲ.

ಟೆಲಿರೇಡಿಯಾಲಜಿ ಬಂದ ಮೇಲೆ ಈ ದೂರ ಇನ್ನೂ ಹಿಗ್ಗಿದೆ. ಅಮೆರಿಕದ ರಾತ್ರಿಯ ಸ್ಕ್ಯಾನುಗಳನ್ನು ನಮ್ಮ ಹಗಲಲ್ಲಿ ನೋಡಿಕೊಡುವ ಕೆಲಸ ಬೆಂಗಳೂರಿನಲ್ಲಿ 2002ರಿಂದಲೇ ನಡೆದಿದೆ, ಅದು ನಮ್ಮ ಹೆಮ್ಮೆ. ಈಗ ನಮ್ಮ ಸಣ್ಣ ಊರುಗಳ ಚಿತ್ರವನ್ನೂ ಎಲ್ಲೋ ಕೂತವರು ನೋಡುತ್ತಾರೆ. ಇಲ್ಲದಿದ್ದರೆ ನೋಡುವವರೇ ಇರುತ್ತಿರಲಿಲ್ಲ, ಹಾಗಾಗಿ ದೂರಲಾರೆ. ಆದರೆ ರೋಗಿಯ ಮುಖ ಕಾಣುವುದು ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ’ ಅನ್ನುವ ಟೆಕ್ನಿಷಿಯನ್‌ಗೆ ಮಾತ್ರ. ತೆಗೆದ ಚಿತ್ರ ಅಲುಗಿ ಮಸುಕಾಗಿದ್ದರಿಂದ ಕಲ್ಲು ಕಾಣಲಿಲ್ಲ ಅಂತ ಆ ಹುಡುಗನಿಗೂ ಯಾರೂ ತಿರುಗಿ ಹೇಳುವುದಿಲ್ಲ. ಇಂಥ ಟೆಕ್ನಿಷಿಯನ್‌ಗಳ ಓದು, ನೋಂದಣಿಗೆ ಒಂದು ರೂಪ ಕೊಡಲು 2021ರಲ್ಲಿ ಸಂಸತ್ತು ಕಾನೂನು ಮಾಡಿತು. ಅದು ತಾಲ್ಲೂಕಿನ ಎಕ್ಸ್‌ರೇ ಕೋಣೆಗೆ ತಲುಪುವುದನ್ನು ನೋಡೋಣ.

ತಪ್ಪೆಲ್ಲ ಆಸ್ಪತ್ರೆಯವರದ್ದಲ್ಲ, ನಮ್ಮದೂ ಇದೆ. ಮೊನ್ನೆ ಅತ್ತೆಯವರನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದೆ. ಕಳಿಸಿದ ಡಾಕ್ಟರ ಚೀಟಿಯಲ್ಲಿ ಇದ್ದದ್ದು ‘ಹೊಟ್ಟೆನೋವು’ ಅಷ್ಟೇ. ಯಾವ ಕಡೆ, ಎಷ್ಟು ದಿನದಿಂದ, ಹಿಂದೆ ಆಪರೇಷನ್ ಆಗಿತ್ತೇ, ಏನೂ ಇಲ್ಲ. ಕೌಂಟರಿನಲ್ಲಿ ಹಳೆಯ ಫಿಲ್ಮ್ ಚಾಚಿದರೆ, ‘ಅದೆಲ್ಲ ಬೇಡಮ್ಮ, ಹೊಸದಾಗಿ ತೆಗೀತೀವಲ್ಲ’ ಅಂದಳು ಹುಡುಗಿ. ಪಕ್ಕದಲ್ಲಿದ್ದವರೊಬ್ಬರು ಹಳೆಯದನ್ನು ತಂದೇ ಇರಲಿಲ್ಲ. ‘ಮುಂಚೆ ಏನಿತ್ತು ಅಂತ ಹೇಳಿಬಿಟ್ರೆ ಅದನ್ನೇ ಬರೆದುಬಿಡ್ತಾರೆ, ಸುಮ್ನಿರಿ’ ಅಂತ ನನಗೇ ಉಪದೇಶ ಮಾಡಿದರು. ಡಾಕ್ಟರಿಗೇ ಪರೀಕ್ಷೆ ಒಡ್ಡುವ ಈ ಜಾಣತನ ನಮ್ಮಲ್ಲಿ ಬಹಳ. ಹಿಂದಿನ ಚಿತ್ರ ಪಕ್ಕದಲ್ಲಿದ್ದರೆ ಗಂಟು ಬೆಳೆದಿದೆಯೋ, ಇದ್ದ ಹಾಗೇ ಇದೆಯೋ ಗೊತ್ತಾಗುತ್ತದೆ. ಎಷ್ಟೋ ಬಯಾಪ್ಸಿ ತಪ್ಪುವುದೂ, ಎಷ್ಟೋ ಬೇಗ ಆಗುವುದೂ ಅದರಿಂದಲೇ.

ಸರ್ಕಾರಕ್ಕೆ ಈ ವೃತ್ತಿಯ ಪರಿಚಯ ಇರುವುದು ಬಹುಮಟ್ಟಿಗೆ ಫಾರಂ ಎಫ್ ಮೂಲಕ. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ 1994ರದ್ದು. ಗರ್ಭಿಣಿಯ ಸ್ಕ್ಯಾನ್ ಮಾಡಿದರೆ ಆ ಫಾರಂ ತುಂಬಬೇಕು, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ವರದಿ ಕಚೇರಿ ಸೇರಬೇಕು. ಅದರ ಅಗತ್ಯದ ಬಗ್ಗೆ ಅನುಮಾನವಿದ್ದವರು 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಯುತ್ತಿದ್ದ ದಂಧೆ ಬಯಲಾದದ್ದನ್ನು ನೆನಪಿಸಿಕೊಳ್ಳಲಿ. ಸ್ಕ್ಯಾನಿಂಗ್ ಸೆಂಟರಿನಿಂದ ಕಚೇರಿಗೆ ತಿಂಗಳು ತಿಂಗಳು ಕಾಗದ ಹೋಗುವ ಏರ್ಪಾಡು ಮಾಡಿದವರಿಗೆ, ಆಪರೇಷನ್ ಥಿಯೇಟರಿನಿಂದ ಸ್ಕ್ಯಾನಿಂಗ್ ಕೋಣೆಗೆ ಒಂದು ಸಾಲು ವಾಪಸ್ ಕಳಿಸುವುದು ಅಸಾಧ್ಯವೇ? ಈಗಂತೂ ಆರೋಗ್ಯ ದಾಖಲೆಗಳನ್ನು ಜೋಡಿಸಲು 14 ಅಂಕಿಯ ಆಭಾ ಸಂಖ್ಯೆ ಇದೆ. ಸ್ಕ್ಯಾನ್ ರಿಪೋರ್ಟೂ ಬಯಾಪ್ಸಿ ರಿಪೋರ್ಟೂ ಒಂದೇ ಸಂಖ್ಯೆಯಡಿ ಕೂತಿದ್ದರೆ, ರೋಗಿಯ ಒಪ್ಪಿಗೆ ಪಡೆದು ಎರಡನೆಯದನ್ನು ಮೊದಲನೆಯದಕ್ಕೆ ಸಹಿ ಹಾಕಿದವರಿಗೆ ತಲುಪಿಸಬಹುದು. ವೈದ್ಯಕೀಯ ಪರಿಷತ್ತು ಮೂವತ್ತು ಗಂಟೆಯಲ್ಲಿ ಐದನ್ನು ಇಂಥ ಕೇಸುಗಳ ಬೆನ್ನು ಹತ್ತಿದವರಿಗೆ ಮೀಸಲಿಟ್ಟರೆ ದಾವಣಗೆರೆಯವರ ನೋಟ್‌ಬುಕ್ಕಿಗೂ ಕ್ರೆಡಿಟ್ ಸಿಗುತ್ತದೆ.

ಅಲ್ಲಿಯವರೆಗೆ ನಮ್ಮ ಕೈಲಾಗುವುದೊಂದಿದೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ನೋ ಬಯಾಪ್ಸಿಯೋ ಆಗಿದ್ದರೆ ಆ ರಿಪೋರ್ಟಿನ ಜೆರಾಕ್ಸ್ ಒಂದನ್ನು, ಮೊದಲು ಸ್ಕ್ಯಾನ್ ಮಾಡಿಸಿದ ಸೆಂಟರಿಗೆ ಕೊಟ್ಟು ಬನ್ನಿ. ‘ಇದು ಇಲ್ಲಿಗೆ ಬರಲ್ಲ ಸರ್’ ಅಂತಾರೆ ಕೌಂಟರಿನವರು. ಬಂದದ್ದು ಡಾಕ್ಟರಿಗೆ ಅಂತ ಹೇಳಿ, ಹಳೆಯ ಸ್ಕ್ಯಾನಿನ ನಂಬರು ಮೇಲೆ ಬರೆದುಕೊಡಿ.